ವಕೀಲನಲ್ಲದ ಸ್ನೇಹಿತ

ಬಸಲಿಂಗಯ್ಯ ಮಾಸ್ತರರು ವಿಜಯಪುರದ ಕಾನೂನು ಕಾಲೇಜಿನಲ್ಲಿ ಮೂವತ್ನಾಲ್ಕು ವರ್ಷ ಸಂವಿಧಾನ ಹೇಳಿಕೊಟ್ಟರು. ಪುರಾಣ ಹಚ್ಚಿದ ಹಾಗೆ ಹೇಳುತ್ತಿದ್ದರು. ಹಿಂದಿನ ಬೆಂಚಿನವರೂ ಮೊಬೈಲು ಮುಚ್ಚಿಡುತ್ತಿದ್ದರು. ವಿಚಾರಣೆಯಿಲ್ಲದೆ ಒಳಗೆ ಹಾಕುವ ಮುಂಜಾಗ್ರತಾ ಬಂಧನದ ಪಾಠ ಬಂತೆಂದರೆ ಅವರದೊಂದು ಖಾಯಂ ಮಾತಿತ್ತು.

"ಬಂಧನ ಸರಿ ಐತೋ ಇಲ್ಲೋ ನೋಡೋ ಸಲಹಾ ಮಂಡಳಿ ಮುಂದ ವಕೀಲರಿಗೆ ಪ್ರವೇಶ ಇಲ್ಲ. ವಕೀಲ ಅಲ್ಲದ ಒಬ್ಬ ಸ್ನೇಹಿತ ಕೂಡಬಹುದು. ನಾಳೆ ನಿಮ್ಮನ್ನ ಒಳಗ ಹಾಕಿದ್ರ ನನ್ನ ಕರೀರಿ. ನಾ ವಕೀಲ ಅಲ್ಲ, ಬರೇ ಮಾಸ್ತರ!"

ಅದು ನಿಜವೇ. ಪಗಾರದ ಮಾಸ್ತರರು ವಕೀಲಿ ಮಾಡುವ ಹಾಗಿಲ್ಲ. ನೌಕರಿಗೆ ಸೇರುವಾಗಲೇ ತಮ್ಮ ಸನ್ನದನ್ನು ಅಮಾನತಿನಲ್ಲಿ ಇಟ್ಟಿದ್ದರು. ಹುಡುಗರು ಎದುರಿಗೆ ನಗುತ್ತಿದ್ದರು, ಬೆನ್ನ ಹಿಂದೆ "ನೀರಿಗೆ ಇಳೀಲಾರದ ಈಸಿನ ಮಾಸ್ತರ" ಅನ್ನುತ್ತಿದ್ದರು. ಆ ಮಾತು ಮಾಸ್ತರರ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು. ನಿವೃತ್ತಿಯಾದ ತಿಂಗಳಲ್ಲೇ ಸನ್ನದು ಚಾಲೂ ಮಾಡಿಸಿ, ಜೋರಾಪುರ ಪೇಟೆಯ ದರ್ಜಿಯ ಹತ್ತಿರ ಕರಿ ಕೋಟು ಹೊಲಿಸಿಕೊಂಡು ಬಂದರು.

ಅದೇ ವಾರ ಟಿಕೋಟಾದಿಂದ ಮಾಶಾಬಿ ಬಂದಳು. ಕಾಲೇಜಿನ ಗ್ರಂಥಾಲಯದಲ್ಲಿ ಜವಾನನಾಗಿದ್ದು ತೀರಿಹೋದ ಮಶಾಕಸಾಬನ ಹೆಂಡತಿ.

"ಸರ, ನನ್ನ ಮಗ ಅತೀಕನ್ನ ಪೊಲೀಸರು ಗೂಂಡಾ ಅಂತ ಒಯ್ದಾರ್ರಿ. ದ್ರಾಕ್ಷಿ ಶೆಡ್ಡಿನಾಗ ಹಮಾಲಿ ಮಾಡೋ ಹುಡುಗ. ವರ್ಷಗಟ್ಲೆ ಇಡ್ತಾರಂತ."

ಬಂಧನದ ಆದೇಶದಲ್ಲಿ ಮೂರು ಜಗಳ ಬರೆದಿದ್ದರು. ಎರಡು ಬರೀ ಬಾಯಿಜಗಳ. ಮೂರನೆಯದರಲ್ಲಿ ಚಾಕು ಇತ್ತು. ಆದರೆ ಆ ದಿನ ಅತೀಕ ತಾಯಿಯ ಕಣ್ಣಿನ ಆಪರೇಶನ್ನಿಗೆಂದು ಮಿರಜಿಗೆ ಹೋಗಿದ್ದ. ದವಾಖಾನೆಯ ಕಾಗದದ ಮೇಲೆ ಅವನದೇ ಸಹಿ ಇತ್ತು. ಮಾಸ್ತರರ ಕಣ್ಣು ಹೊಳೆದವು.

"ಇದನ್ನ ಈಗ ಸರಕಾರಕ್ಕ ಕಳಸೂದು ಬ್ಯಾಡ, ಪೊಲೀಸರು ತಾರೀಖು ತಿದ್ದಿಕೊಂಡಾರು. ಮಂಡಳಿ ಮುಂದಽ ಬಿಚ್ಚೋಣು."

"ಒಳಗ ನಾ ಹೋಗ್ಲೇನ್ರಿ? ಅವತ್ತ ಅವ ನನ್ನ ಕೈ ಹಿಡಕೊಂಡಽ ಕುಂತಿದ್ದ."

"ತಂಗೀ, ಅಲ್ಲಿ ಕುಂತವರು ಜಡ್ಜ ಆಗಿದ್ದವರು. ಅಳೋದು ನಡ್ಯಾಂಗಿಲ್ಲ. ಒಬ್ಬರ ಹೆಸರಷ್ಟಽ ಕೊಡಬೇಕು, ನನ್ನದು ಕೊಡ್ತೇನಿ. ನೀ ಅವಗ ಹೇಳು, ಬಾಯಿ ತೆರೀಬ್ಯಾಡ ಅಂತ. ಸಣ್ಣ ಮಾತು ಆಡಿ ಕೆಡಸ್ಯಾನು. ಎಲ್ಲಾ ನಾ ಮಾತಾಡ್ತೇನಿ."

ವಿಚಾರಣೆ ಜೈಲಿನ ಒಂದು ಕೋಣೆಯಲ್ಲಿ. ಮಂಡಳಿಯ ಮೂವರು ಬೆಂಗಳೂರಿನಲ್ಲಿ, ಟಿವಿ ಪರದೆಯ ಮೇಲೆ. ಅತೀಕ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಮಾಸ್ತರರನ್ನು ಕಂಡು ಅವನ ಮಾರಿಗೆ ಜೀವ ಬಂತು.

"ತಾವು ಯಾರು?" ಅಧ್ಯಕ್ಷರು ಕೇಳಿದರು.

"ಬಸಲಿಂಗಯ್ಯ. ಸಂವಿಧಾನದ ನಿವೃತ್ತ ಪ್ರಾಧ್ಯಾಪಕ."

"ವಕೀಲರಲ್ಲ ತಾನೇ?"

ಅಲ್ಲ ಎಂಬ ಮಾತು ಮೂವತ್ನಾಲ್ಕು ವರ್ಷದ ರೂಢಿಯಿಂದ ತುಟಿಗೆ ಬಂದೇ ಬಿಟ್ಟಿತ್ತು. ಆಗ, ಆಗಷ್ಟೇ, ಮನೆಯ ಗೂಟಕ್ಕೆ ನೇತುಬಿಟ್ಟ ಕರಿ ಕೋಟು ನೆನಪಾಯಿತು. ಸುಳ್ಳು ಹೇಳಿದ್ದರೆ ಆ ಪರದೆಗೆ ಗೊತ್ತಾಗುತ್ತಿರಲಿಲ್ಲ. ಆದರೆ ನಾಲಿಗೆ ಹೊರಳಲಿಲ್ಲ.

"ಹೋದ ತಿಂಗಳು ಸನ್ನದು ಚಾಲೂ ಮಾಡಿಸೇನ್ರಿ. ಒಂದು ಕೇಸೂ ನಡಸಿಲ್ಲ."

"ಈ ನಿಯಮವನ್ನು ನಿಮಗೆ ನಾವು ಹೇಳಿಕೊಡಬೇಕೇ, ಪ್ರೊಫೆಸರರೇ? ಹೊರಗೆ ಕೂತಿರಿ."

"ಸ್ವಾಮಿ, ಇವನ ತಾಯಿ ಗೇಟಿನ ಹೊರಗಽ ಅದಾಳ್ರಿ, ಆಕಿನ್ನ—"

"ನೀವು ಕೊಟ್ಟಿರುವುದು ನಿಮ್ಮ ಹೆಸರು. ಇವತ್ತು ಇನ್ನೂ ಹನ್ನೊಂದು ಜನರಿದ್ದಾರೆ."

ಮಾಸ್ತರರು ಮಿರಜಿನ ಕಾಗದವನ್ನು ಅತೀಕನ ಮುಂದಿಟ್ಟು, "ಇದನ್ನ ತೋರಸು," ಎಂದು ಪಿಸುಗುಟ್ಟುವಷ್ಟರಲ್ಲಿ ಪೇದೆ ಅವರ ರಟ್ಟೆ ಹಿಡಿದ. ಬಾಗಿಲ ಹೊರಗೆ ನಿಂತ ಮಾಸ್ತರರಿಗೆ ಎಲ್ಲ ಕೇಳಿಸುತ್ತಿತ್ತು.

"ಏನಾದರೂ ಹೇಳೋದಿದೆಯೇನಪ್ಪ?"



"ಸರ್ ಹೇಳ್ತಾರ್ರಿ."

"ಅವರಿಲ್ಲ. ನೀನೇ ಹೇಳು."

"ನನಗ ಬಾಯಿ ತೆರೀಬ್ಯಾಡ ಅಂದಾಳ್ರಿ ಅವ್ವ."

ನಾಲ್ಕು ನಿಮಿಷಕ್ಕೆ ಮುಗಿಯಿತು. ಕಾಗದ ಮೇಜಿನ ಮೇಲೆ ಮಡಿಕೆ ಬಿಚ್ಚದೆ ಬಿದ್ದಿತ್ತು.

ಇಪ್ಪತ್ತು ದಿನಕ್ಕೆ ಆದೇಶ ಬಂತು: ಬಂಧನ ಖಾಯಂ, ಒಂದು ವರ್ಷ. ಮಾಸ್ತರರು ಬಸ್ಸು ಹಿಡಿದು ಟಿಕೋಟಾಕ್ಕೆ ಹೋದರು. ಮಾಶಾಬಿ ಅಂಗಳದಲ್ಲಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು.

"ಕಲಬುರಗಿ ಹೈಕೋರ್ಟಿಗೆ ಅರ್ಜಿ ಹಾಕೋಣು. ಅಲ್ಲಿ ನಾ ನಿಂದರಬಹುದು, ತಂಗೀ."

"ಬ್ಯಾಡ್ರಿ. ಬಬಲೇಶ್ವರದ ವಕೀಲರೊಬ್ಬರನ್ನ ಹಿಡದೇವಿ." ಆಕೆ ತಲೆಯೆತ್ತಲಿಲ್ಲ. ಬೆರಳು ನಿಲ್ಲಲಿಲ್ಲ.

"ಅತೀಕಗ ನನ್ನ ಮ್ಯಾಲ ಸಿಟ್ಟ ಬಂದಿರಬೇಕು."

"ನಿಮ್ಮ ಮ್ಯಾಲ ಯಾಕ್ರಿ? ಬಾಯಿ ಮುಚ್ಚಿಕೊಂಡು ಕೂಡು, ಬಿಟ್ಟು ಕಳಸ್ತಾರ ಅಂತ ಆಣಿ ಮಾಡಿ ಹೇಳಿದಾಕಿ ನಾನು. ನೀವು ಹೇಳಿದ್ದು ಅಂತ ಅವಗ ಹೇಳಿಲ್ರಿ, ದೊಡ್ಡವರ ಮ್ಯಾಲ ಮಾತು ಬರಬಾರದು ಅಂತ. ಆಮ್ಯಾಲ ಎರಡು ಸಲ ಭೇಟಿಗೆ ಹೋದೆ. ಜಾಳಿಗಿ ಆ ಕಡೆ ನಿಂತು ಗ್ವಾಡಿ ನೋಡಿದ. ಮೂರನೇ ಸಲ ಹೊರಗಽ ಬರ್ಲಿಲ್ಲ."

ಮಾಸ್ತರರು ನಿಂತೇ ಇದ್ದರು. ಕೂಡ್ರಿ ಎಂದು ಆಕೆ ಅನ್ನಲಿಲ್ಲ; ಹೋಗ್ರಿ ಎಂದೂ ಅನ್ನಲಿಲ್ಲ.