ಸಾಸಿವೆ ಇಲ್ಲದ ಸಾಸೇಜು

ಕೋಚ್ ವಿಲ್ಲಿ ಸೊಬೊಟ್ಕಾನ ಮೊಣಕಾಲು ಆವತ್ತು ಹೆಂಗೆ ನಡುಗ್ತಿತ್ತು ಅಂದ್ರೆ, ಅವನು ಕೂತಿದ್ದ ಬೆಂಚಿನ ನಾಲ್ಕೂ ಬೋಲ್ಟು ಲೂಸಾಗಿ ಒಂದೊಂದಾಗಿ ಹುಲ್ಲಿಗೆ ಉದುರಿದ್ವು. ಸುಳ್ಳಲ್ಲ, ಒಂದು ಬೋಲ್ಟು ಈಗ್ಲೂ ಕ್ಲಬ್ಬಿನ ಕಪಾಟಲ್ಲಿದೆ.

ಹೆದರದೆ ಏನ್ಮಾಡ್ತಾನೆ? ಅವನ ಟೀಮು ಹ್ಯೂಲರ್‌ಬೆಕ್ ಅಂದ್ರೆ ನಮ್ಮೂರ ಕಲ್ಲಿದ್ದಲು ಗಣಿಯೋರ ಫುಟ್‌ಬಾಲ್ ಟೀಮು. ಸೀಸನ್ನಿನ ಕೊನೇ ಆಟ. ಗೆದ್ರೆ ಲೀಗಲ್ಲಿ ಉಳೀತು, ಇಲ್ಲಾಂದ್ರೆ ಕೆಳಗಿನ ಲೀಗಿಗೆ ಬಿತ್ತು, ಜೊತೆಗೆ ವಿಲ್ಲಿ ಕೆಲಸಾನೂ ಹೋಯ್ತು. ಉಳಿದಿರೋದು ಒಂದೇ ನಿಮಿಷ, ಎರಡು ಕಡೆಗೂ ಒಂದೊಂದು ಗೋಲು. ಆಗ ನಮ್ಮ ಟಿಲ್‌ಮನ್‌ಗೆ ಅಡ್ಡಗಾಲು ಕೊಟ್ಟು ಗೋಲಿನ ಮುಂದೇನೇ ಕೆಡವಿದ್ರು. ರೆಫ್ರಿ ಸೀಟಿ ಊದಿದ. ಪೆನಾಲ್ಟಿ!

ಜನ ಕುಣಿದ್ರು. ವಿಲ್ಲಿ ಮಾತ್ರ ಟೋಪಿ ಕಣ್ಣಿನ ತನಕ ಎಳ್ಕೊಂಡ.

ಯಾಕಂದ್ರೆ ಅಲ್ಲೊಂದು ಕಟ್ಟಳೆ. ಬಿದ್ದೋನು ತಾನೇ ಪೆನಾಲ್ಟಿ ಒದೀಬಾರ್ದು. ಎಲ್ಲೂ ಬರೆದಿಲ್ಲ, ಆದ್ರೆ ತೊಟ್ಟಿಲಲ್ಲಿರೋ ಕೂಸಿಗೂ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ ಆಟಗಾರ ವಿಲ್ಲಿ ಇದೇ ಮೈದಾನದಲ್ಲಿ ಬಿದ್ದ, ಎದ್ದ, ತಾನೇ ಒದ್ದ. ಚೆಂಡು ಗೋಲಿನ ಮೇಲೆ ಹಾರಿ, ಗಣಿ ಮಣ್ಣಿನ ಗುಡ್ಡ ದಾಟಿ, ಪಾದ್ರಿ ಮನೆ ಚಿಮಣಿಯೊಳಗೆ ಇಳಿದು, ಅವರ ಭಾನುವಾರದ ಸೂಪೆಲ್ಲ ಮಸಿ ಮಾಡ್ತು. ಕ್ಲಬ್ಬು ಲೀಗಿಂದ ಬಿತ್ತು. ಆವತ್ತಿಂದ ಗೇಟಿನ ಹತ್ರ ಸಾಸೇಜ್ ಸುಡೋ ಹೆಡ್‌ವಿಗ್ ಅಕ್ಕ ವಿಲ್ಲಿಗೆ ಸಾಸಿವೆ ಗೊಜ್ಜು ಹಾಕಿದ್ರೆ ಕೇಳಿ. "ಬಿದ್ದು ತಾನೇ ಒದ್ದೋನಿಗೆ ಒಣಾ ಸಾಸೇಜೇ ಗತಿ!" ಕೋಚ್ ಆಗಿ ವಾಪಸ್ ಬಂದ್ಮೇಲೂ ಒಣಾದ್ದೇ.

ಈಗ ಒದೀಬೇಕಾದೋನು ನೋರ್ಬರ್ಟ್. ಅವನು ಶೂ ಲೇಸ್ ಕಟ್ಟೋಕೆ ಕೂತ. ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

"ನೋರ್ಬರ್ಟ್! ಬಾರೋ!" ಅಂತ ವಿಲ್ಲಿ ಕೂಗಿದ.

"ತೊಡೆ ಹಿಡ್ಕೊಂಡಿದೆ ಕೋಚ್!"

"ಈಗಿನ್ನೂ ಜಿಂಕೆ ಹಂಗೆ ಓಡ್ತಿದ್ಯಲ್ಲೋ!"

"ಅದಕ್ಕೇ ಹಿಡ್ಕೊಂಡಿದ್ದು!"

ಉಳಿದೋರಲ್ಲಿ ಒಬ್ಬ ಆಕಾಶ ನೋಡ್ತಿದ್ದ, ಒಬ್ಬನಿಗೆ ಇದ್ದಕ್ಕಿದ್ದಂಗೆ ಬಾಯಾರಿಕೆ. ಟಿಲ್‌ಮನ್ ಮಾತ್ರ ಚೆಂಡು ಎತ್ಕೊಂಡು ನಿಂತಿದ್ದ, ಮುಖ ಸುಣ್ಣದ ಗೋಡೆ.

"ಕೋಚ್... ನಾನು ಒದೀಲಾ?"

ಸಹಾಯಕ ಕೋಚ್ ಹೈನೋ ವಿಲ್ಲಿ ತೋಳು ಜಗ್ಗಿದ. "ಬೇಡ ಅನ್ನು ಮಾರಾಯ! ಊರೋರು ನಮ್ಮಿಬ್ರನ್ನೂ ಗಣಿಯೊಳಗೆ ತಳ್ಳಿ ಮುಚ್ಚಿಬಿಡ್ತಾರೆ!"

ವಿಲ್ಲಿ ನೋರ್ಬರ್ಟನ ಲೇಸ್ ಕಡೆ ನೋಡಿದ. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ ಒಂದು ಮಾತು ಅವನ ಹತ್ರ ಇತ್ತು. ಆವತ್ತೂ ಹಿಂಗೇ, ಎಲ್ರೂ ಬಗ್ಗಿ ಲೇಸ್ ಕಟ್ಕೊಂಡಿದ್ರು. ಯಾರೂ ಬರ್ಲಿಲ್ಲ ಅಂತ ಅವನು ಒದ್ದಿದ್ದು.

"ಒದಿ," ಅಂದ. ಗದ್ದಲದಲ್ಲಿ ಯಾರಿಗೂ ಕೇಳಿಸ್ಲಿಲ್ಲ. ಮತ್ತೆ ಕಿರುಚಿದ, "ನೀನೇ ಒದಿ! ಹೇಳ್ತಿರೋನು ನಾನು, ಎಲ್ರೂ ಕೇಳಿಸ್ಕೊಳ್ಳಿ!"

ಟಿಲ್‌ಮನ್ ಓಡಿದ. ವಿಲ್ಲಿ ಕಣ್ಮುಚ್ಚಿದ.

ಠಣ್!

ಆಮೇಲೆ ಗೇಟಿನ ಹತ್ರ ಸಾಸೇಜಿನ ಕೊಬ್ಬು ಚಟಪಟ ಅನ್ನೋದಷ್ಟೇ ಕೇಳಿಸ್ತು. ಕಣ್ಣು ಬಿಟ್ರೆ, ಗೋಲಿನ ಕಂಬಕ್ಕೆ ಬಡಿದ ಚೆಂಡು ಗೋಲಿನೊಳಗೆ ಹೋಗದೆ ಮೈದಾನದ ಹೊರಗೆ ಉರುಳ್ತಿತ್ತು. ರೆಫ್ರಿ ಕೊನೇ ಸೀಟಿ ಊದೇಬಿಟ್ಟ. ಆಟ ಸಮ, ಅಂದ್ರೆ ಕ್ಲಬ್ಬು ಮತ್ತೆ ಲೀಗಿಂದ ಬಿತ್ತು.

ಟಿಲ್‌ಮನ್ ಮಂಡಿಯೂರಿ ಕುಸಿದ. ಟೀಮಿನೋರೆಲ್ಲ ಅವನನ್ನ ಬಿಟ್ಟು ಹೊರಟ್ರು. ವಿಲ್ಲಿ ಕಾಲು ಇನ್ನೂ ನಡುಗ್ತಿತ್ತು, ಆದ್ರೂ ಅವನ ಹತ್ರಕ್ಕೇ ನಡೀತು.

"ಏಳಪ್ಪ. ಹಸಿವಾಗಿದ್ಯಾ?"

"ಜನ ನನ್ನ ಕೊಂದ್ಹಾಕ್ತಾರೆ ಕೋಚ್."

"ಅಷ್ಟರೊಳಗೆ ತಿಂದುಬಿಡೋಣ ಬಾ."

ಸಾಸೇಜ್ ಅಂಗಡಿ ಮುಂದೆ ಇಡೀ ಊರು ಗುರ್ ಅಂತ ನಿಂತಿತ್ತು. ಹೆಡ್‌ವಿಗ್ ಅಕ್ಕ ಸಾಸಿವೆ ಭರಣಿಯಲ್ಲಿ ಚಮಚ ನೆಟ್ಟು ಇಬ್ಬರನ್ನೂ ದುರುಗುಟ್ಟಿ ನೋಡಿದ್ಲು.

"ಅವನಿಗೆ ಒದಿ ಅಂದೋನು ಯಾರು?"

ಟಿಲ್‌ಮನ್ ಬಾಯಿ ತೆಗೆಯೋ ಮೊದ್ಲೇ ವಿಲ್ಲಿ ಅಂದ, "ನಾನಕ್ಕ."

ಅವಳು ಟಿಲ್‌ಮನ್ ಸಾಸೇಜಿಗೆ ಒಂದು ಚಮಚ ಗೊಜ್ಜು ಸುರಿದ್ಲು. ಮುಖ ನೋಡಿ ಇನ್ನೊಂದು ಚಮಚ. ವಿಲ್ಲಿ ಕೈಗೆ ಒಣಾದ್ದು ತುರುಕಿದ್ಲು.

"ನಿಂಗೆ ಇನ್ನೊಂದು ಇಪ್ಪತ್ತೆರಡು ವರ್ಷ ಕಣೋ!"

ಟಿಲ್‌ಮನ್ ಗಲ್ಲಕ್ಕೆಲ್ಲ ಸಾಸಿವೆ ಬಳ್ಕೊಂಡು ತಿಂತಿದ್ದ. ಅದನ್ನ ನೋಡ್ತಾ ನೋಡ್ತಾ ವಿಲ್ಲಿ ಒಣಾ ಸಾಸೇಜ್ ಕಚ್ಚಿದ. ಮೊಣಕಾಲಿನ ನಡುಕ ಯಾವಾಗ ನಿಂತಿತೋ, ಅವನಿಗೇ ಗೊತ್ತಾಗ್ಲಿಲ್ಲ.