ಬಿಚ್ಚದ ಆವಿಗೆ

ಬೆಳಗಾವಿ ಕೋರ್ಟಿನಲ್ಲಿ ಕರಿಕೋಟು ಸವೆಸಿದ ನನಗೆ ಕಕ್ಷಿದಾರರ ಮೇಲೆ ಸಿಟ್ಟು ಬರುವುದು ದಿನನಿತ್ಯದ ಮಾತು. ಕೈಮುಗಿಯಬೇಕು ಎನಿಸಿದ್ದು ಭೀಮಕ್ಕನೊಬ್ಬಳಿಗೇ.

ಎಪ್ಪತ್ತೊಂಬತ್ತನೇ ಇಸವಿ. ಕಣಕುಂಬಿ ಕಡೆಯಿಂದ ಕಟ್ಟಿಗೆ ಹೇರಿಕೊಂಡು ಬಂದ ಲಾರಿಯೊಂದು ಬ್ರೇಕು ಹತ್ತದೆ, ಖಾನಾಪುರದ ಕುಂಬಾರರ ಭೀಮಕ್ಕ ಗಡಿಗೆ ಸುಡುತ್ತಿದ್ದ ಆವಿಗೆಗೆ ನುಗ್ಗಿತು. ಬೆಂಕಿ ಆರಿಸಿ ತಣಿಯಲು ಬಿಟ್ಟಿದ್ದ ದಿನ ಅದು. ಒಳಗಿನ ಗಡಿಗೆ, ಸುತ್ತಲಿನ ಗೋಡೆ ಎಲ್ಲ ಒಂದೇ ರಾಶಿಯಾಯಿತು. ಆವಿಗೆ ಮತ್ತೆ ಎದ್ದರೆ ಮಾತ್ರ ಆ ಮನೆಯಲ್ಲಿ ಒಲೆ ಹತ್ತುವಂತಿತ್ತು.

ಕಾನೂನಿನ ಲೆಕ್ಕ ಸರಳ. ಹಾಳಾಗುವ ಮುಂಚಿನ ಗಳಿಗೆಯಲ್ಲಿ ವಸ್ತುವಿಗೆ ಎಷ್ಟು ಬೆಲೆಯಿತ್ತೋ ಅಷ್ಟೇ ಪರಿಹಾರ. ಹಳೆಯದಕ್ಕೆ ಹೊಸದರ ಬೆಲೆ ಸಿಗುವುದಿಲ್ಲ. ಅದನ್ನು ಸಾಬೀತು ಮಾಡುವ ಹೊಣೆ ಕೇಳುವವರದು. ಭೀಮಕ್ಕನ ಬಳಿ ಒಂದು ರಸೀದಿಯೂ ಇರಲಿಲ್ಲ. ಸಾಲದ್ದಕ್ಕೆ, ಆವಿಗೆ ಬಿಚ್ಚುವ ತನಕ ಒಳಗಿನ ಗಡಿಗೆಗೆ ಬೆಲೆ ಹೇಳಬಾರದು ಎಂಬುದು ಅವರ ಮನೆತನದ ರೂಢಿ. ನಾನು ತಲೆ ಚಚ್ಚಿಕೊಂಡು, ಒಳಗಿಟ್ಟ ಅಷ್ಟೂ ಗಡಿಗೆಗೆ ಸಂತೆಯ ದರ ಹಾಕಿ, ನಾಲ್ಕೂ ಗೋಡೆ ಸೇರಿಸಿ ದಾವೆ ಹೂಡಿದೆ.

ಲಾರಿ ಮಾಲೀಕರ ವಕೀಲರು ಎದ್ದು, ಒಳಗಿನ ಗಡಿಗೆಗಳು ಸರಿಯಾಗಿ ಬೆಂದಿದ್ದನ್ನು ಕಂಡವರು ಯಾರು ಎಂದು ಕೇಳಿದರು. ಕಟಕಟೆಯಲ್ಲಿದ್ದ ಭೀಮಕ್ಕ ನಾನೇ ಕಂಡೆ ಅಂದಿದ್ದರೆ ಕೇಸು ಗೆದ್ದಂತೆಯೇ ಇತ್ತು.

"ನಾನೂ ಕಂಡಿಲ್ರೀ ಸಾಹೇಬ್ರ," ಅಂದಳು ಆಕೆ, ನ್ಯಾಯಾಧೀಶರ ಕಡೆ ತಿರುಗಿ. "ಪ್ರತಿ ಸಲ ನೂರಕ್ಕ ಹತ್ತು ಒಡದ ಬರ್ತಾವು. ಅವನ್ನ ಬಿಡ್ರಿ. ಬಡಗಣ ಗ್ವಾಡಿ ಹೋದ ಮಳಿಗಾಲದಾಗ ಬಿರಕ ಬಿಟ್ಟಿತ್ತು, ಅದನ್ನೂ ಬಿಡ್ರಿ. ಉಳದದ್ದು ಲಾರಿ ಕೆಡವಿದ್ದು."

ಕೈಗೆ ಬಂದ ಕೇಸನ್ನು ಕೈಯಾರೆ ಕೆಡಿಸಿದಳಲ್ಲ ಎಂದು ನಾನು ಹಲ್ಲು ಕಡಿದೆ. ಎದುರಿನ ವಕೀಲರಿಗೆ ಹುರುಪು ಬಂತು. ರಸೀದಿಯೇ ಇಲ್ಲದ ಮೇಲೆ ಉಳಿದದ್ದನ್ನಾದರೂ ಹೇಗೆ ನಂಬುವುದು ಎಂದು ಜಗ್ಗಿದರು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ತನಗ ಲುಕ್ಸಾನ ಆಗೂದನ್ನ ತಾನ ಬಾಯಿಬಿಟ್ಟು ಹೇಳಿದಾಕಿ, ಉಳದದ್ದನ್ನ ಯಾಕ ಸುಳ್ಳ ಹೇಳ್ತಾಳ್ರೀ?"

ಬಿಡಿ ಅಂದದ್ದನ್ನು ಬಿಟ್ಟು, ಉಳಿದದ್ದರಲ್ಲಿ ಪೈಸೆಯನ್ನೂ ಮುರಿಯದೆ ತೀರ್ಪು ಬಂತು. ನನ್ನ ವಾದಕ್ಕೆ ಅಷ್ಟು ಬೆಲೆ ಎಂದೂ ಸಿಕ್ಕಿರಲಿಲ್ಲ. ಆಕೆಯ ಬಗ್ಗೆ ನನಗೆ ಹೆಮ್ಮೆಯೆನಿಸಿತು, ಕಣ್ಣೂ ತೇವವಾಯಿತು.

ದೀಪಾವಳಿಗೆ ಮುಂಚೆ ಖಾನಾಪುರಕ್ಕೆ ಹೋಗಿ ನೋಡಿದೆ. ಮೂರು ಗೋಡೆ ಲಾರಿಯವರ ದುಡ್ಡಿನಲ್ಲಿ ಎದ್ದಿದ್ದವು. ನಾಲ್ಕನೆಯದಕ್ಕೆ, ಆ ಬಡಗಣ ಗೋಡೆಗೆ, ಭೀಮಕ್ಕ ಸೀರೆ ಎತ್ತಿಕಟ್ಟಿ ತಾನೇ ಮಣ್ಣು ತುಳಿಯುತ್ತಿದ್ದಳು.