ದುಭಾಷಿ ತೇಜು

ಮದರಾಸಿನ ಗಿಂಡಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಬಾರದ ಹೊಸ ವಿದ್ಯಾರ್ಥಿಯ ಪಕ್ಕದಲ್ಲಿ ಅದೇ ಮನೆಮಾತು ಬಲ್ಲ ಸಹಪಾಠಿಯನ್ನು ಕೂರಿಸುವ ಪದ್ಧತಿಯಿತ್ತು. 2003ರಲ್ಲಿ ಮಂಡ್ಯದಿಂದ ಬಂದ ಹನ್ನೊಂದು ವರ್ಷದ ತೇಜುವಿಗೆ ದೊರೆತ ದುಭಾಷಿ ಅಕ್ಷಯಾ. ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿ, ತಮಿಳು ಬೆರೆತ ಕನ್ನಡವಾಡುವ ವೈಷ್ಣವರ ಮನೆಯ ಹುಡುಗಿ.

ಮೊದಲ ದಿನವೇ ಇಂಗ್ಲಿಷ್ ಶಿಕ್ಷಕಿ ವಿಮಲಾ ತೇಜುವನ್ನು ಅಡಿಯಿಂದ ಮುಡಿಯವರೆಗೆ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದರು. ತರಗತಿ ಗೊಳ್ಳೆಂದು ನಕ್ಕಿತು.

"ಏನಂದ್ರು?"

"ಬಾಗಿಲ ಹತ್ರ ಕಾತ್ತು ಚೆನ್ನಾಗಿ ಬೀಸುತ್ತೆ, ಅಲ್ಲಿ ಕೂತ್ಕೋ ಅಂತಾರೆ ಮಿಸ್ಸು," ಎಂದಳು ಅಕ್ಷಯಾ, ಮುಖ ತಗ್ಗಿಸಿ.

ಗಾಳಿಯ ಮಾತಿಗೆ ನಗುವೇಕೆ? ಅರ್ಥವರಿಯದ ವಟು ಮಂತ್ರವನ್ನು ಕಂಠಸ್ಥಗೊಳಿಸುವಂತೆ ತೇಜು ಆ ಧ್ವನಿಗಳನ್ನು ಸ್ವರಸಮೇತ ನೆನಪಿನಲ್ಲಿಟ್ಟಳು. ಭಾಷೆ ಒಲಿಯುತ್ತ ಬಂದಂತೆ ಆ ವಾಕ್ಯದ ಪದಗಳು ಒಂದೊಂದಾಗಿ ಕಣ್ತೆರೆದವು. ದೀಪಾವಳಿಯ ಹೊತ್ತಿಗೆ ಪೂರ್ಣಾರ್ಥ ತಿಳಿಯಿತು: 'ಇವಳನ್ನು ಇವಳ ತಾಯಿ ಎಮ್ಮೆ ಕಾಯಲು ಬಿಡಬೇಕಿತ್ತು. ಬಾಗಿಲ ಬಳಿ ಕೂರಿಸಿ, ವಾಸನೆಯಾದರೂ ಹೊರಗೆ ಹೋಗಲಿ.'

ಅಕ್ಷಯಾಳನ್ನು ನಲ್ಲಿಯ ಬಳಿ ತಡೆದಳು. "ಸುಳ್ಳುಬುರುಕಿ! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀ ಅಳ್ತಿದ್ದೆ, ಡೀ."

"ಅಳೋಕೆ ನಾನೇನು ನೀನಾ?"

ಅಂದಿನಿಂದ ದ್ವೇಷವೇ ಅವಳಿಗೆ ಗುರುವಾಯಿತು. ಅಕ್ಷಯಾಳ ನೆರವನ್ನು ತೊರೆದಳು. ಊಟದ ವೇಳೆಯಲ್ಲೂ ತುಟಿಯಾಡಿಸುತ್ತ ಇಂಗ್ಲಿಷ್ ಪಾಠವನ್ನೇ ಜಪಿಸಿದಳು. ವಾರ್ಷಿಕ ಪರೀಕ್ಷೆಯಲ್ಲಿ ತರಗತಿಗೇ ಮೊದಲಿಗಳಾದಳು.

ಪೋಷಕರ ಸಭೆಗೆ ತಾಯಿ ನಾಗರತ್ನಮ್ಮ ಮಗಳ ಗುರುವಿಗೆಂದು ಮಲ್ಲಿಗೆಯ ದಂಡೆಯನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು. ಕನ್ನಡವಲ್ಲದೆ ಅವಳಿಗೆ ಬೇರೆ ಮಾತು ತಿಳಿಯದು. ಈಗ ಇಬ್ಬರ ನಡುವೆ ದುಭಾಷಿಯಾಗಿ ನಿಂತವಳು ತೇಜು.

ವಿಮಲಾ ಇಂಗ್ಲಿಷಿನಲ್ಲಿ ತಡವರಿಸಿದರು: "ನಿನ್ನ ತಾಯಿಗೆ ಹೇಳು. ಮೊದಲ ದಿನ ನಾನು ಆಡಬಾರದ ಮಾತಾಡಿದೆ. ನೀನು ಓದುವುದನ್ನು ಕಂಡಾಗಲೆಲ್ಲ ಅದು ನನ್ನನ್ನು ಸುಡುತ್ತದೆ. ಕ್ಷಮೆ ಬೇಡುತ್ತೇನೆ."

"ಏನಂದ್ರು, ಮಗಾ?"

ತೇಜು ತಾಯಿಯತ್ತ ತಿರುಗಿದಳು. "ನೀನು ನನ್ನ ಎಮ್ಮೆ ಕಾಯೋಕೆ ಬಿಡ್ಬೇಕಿತ್ತಂತೆ ಕಣವ್ವ. ನನ್ ಮೈ ನಾರ್ತದಂತೆ."

ನಾಗರತ್ನಮ್ಮ ಚಾಚಿದ್ದ ಹೂವನ್ನು ಎದೆಗೆಳೆದುಕೊಂಡು ವಿಮಲಾರತ್ತ ನೋಡಿದಳು. "ಓದ್ಸೋರ ಬಾಯಲ್ಲಿ ಇಂಥ ಮಾತಾ? ನಿನ್ ಹೊಟ್ಟೇಲಿ ಹುಟ್ಟಿದ್ದಕ್ಕೂ ಹಿಂಗೇ ಅಂತೀಯೇನಮ್ಮ?"

ವಿಮಲಾ ಗಾಬರಿಗೊಂಡು ಕೈಮುಗಿದರು. "ತೇಜು, ಅವರು ಏನೆಂದರು? ಕ್ಷಮಿಸಿದರೇ?"

"ಇಲ್ಲ ಮಿಸ್," ಎಂದಳು ತೇಜು, ಲೋಪವಿಲ್ಲದ ಇಂಗ್ಲಿಷಿನಲ್ಲಿ. "ಎಂದೆಂದಿಗೂ ಇಲ್ಲವಂತೆ."

ತಾಯಿ ಹೊರಡಲೆದ್ದವಳು ಆ ಮುಗಿದ ಕೈಗಳನ್ನು ಕಂಡು ನಿಂತಳು. "ಬೈದೋಳು ಕೈ ಯಾಕ್ ಮುಗೀತಾವ್ಳೆ? ಕಣ್ಣಲ್ಲಿ ನೀರು ಬೇರೆ. ಸರಿಯಾಗಿ ಹೇಳು ಮಗಾ, ಏನಂದ್ರು?"

"ಹೋಗಿ ಬನ್ನಿ ಅಂದ್ರು," ಎಂದು ತೇಜು ತಾಯಿಯ ತೋಳು ಹಿಡಿದು ನಡೆಸಿಕೊಂಡು ಹೋದಳು.